ಕುಡಿಯುವ ಗಾಡಿ

ಬೆಳಿಗ್ಗೆ ಆರೂಕಾಲು. ತಣ್ಣಗಿರುವಾಗಲೇ ನೋಡಬೇಕು,
ಸಮತಟ್ಟು ಜಾಗದಲ್ಲಿ. ಅಮ್ಮತ್ತಿಯಲ್ಲಿ ನಮಗೆ ಅಂಥದ್ದು
ಕಾಫಿ ಒಣಗಿಸುವ ಕಣ ಒಂದೇ.
ಬಾನೆಟ್ ಎತ್ತಿ, ಕಡ್ಡಿ ಎಳೆದು, ಒರೆಸಿ,
ಮತ್ತೆ ಇಳಿಸಿ, ಮತ್ತೆ ಎಳೆದು
ಬೆಳಕಿಗೆ ಹಿಡಿಯುತ್ತೇನೆ:
ಎರಡು ಗೀರುಗಳ ನಡುವೆ ಎಣ್ಣೆಯ ಗೆರೆ
ನಿನ್ನೆಗಿಂತ ಒಂದು ಅಕ್ಕಿಕಾಳು ಕೆಳಗೆ.

ಅಥವಾ ನಿನ್ನೆಯಷ್ಟೇ.

ಜಗಲಿಯಿಂದ ಕುಟ್ಟಯ್ಯ ಕೇಳುತ್ತಾನೆ,
"ಇವತ್ತು ಜ್ವರ ಎಷ್ಟು?"

ಮುನ್ನೂರು ಕುದುರೆಗಳ ಗಾಡಿ.
ಮಂಗಳೂರಿನ ಎಲುಬಿನ ಡಾಕ್ಟರೊಬ್ಬರಿಂದ ಕೊಂಡದ್ದು.
ಏನೂ ತೊಂದರೆಯಿಲ್ಲ ಎಂದಿದ್ದರು ಆತ.
ಕೀ ಕೊಡುವಾಗ ಮಾತ್ರ, ಡಿಕ್ಕಿಯಲ್ಲಿ
ಒಂದು ಲೀಟರಿನ ಡಬ್ಬಿ ಇದೆ, ಇರಲಿ, ಎಂದರು.
ಆ "ಇರಲಿ" ಅರ್ಥವಾಗಲು
ಎರಡು ತಿಂಗಳು ಹಿಡಿಯಿತು.

ಶೋರೂಮಿನ ಹುಡುಗ ಪುಸ್ತಕ ತೆರೆದು ತೋರಿಸಿದ:
ಸಾವಿರ ಕಿಲೋಮೀಟರಿಗೆ ಅರ್ಧ ಲೀಟರ್ ನಾರ್ಮಲ್, ಮೇಡಂ.
ನಾನು ವಿರಾಜಪೇಟೆಯಲ್ಲಿ ಹಲ್ಲಿನ ವೈದ್ಯೆ.
ದಿನಕ್ಕೆ ಹದಿನೈದು ಸಲ ನಾನೂ ಅದನ್ನೇ ಹೇಳುತ್ತೇನೆ:
ಸ್ವಲ್ಪ ರಕ್ತ ನಾರ್ಮಲ್. ಸ್ವಲ್ಪ ಜೋಮು ನಾರ್ಮಲ್.
ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದವರು
ದೀಪ ನೋಡುತ್ತಾ ಏನು ಎಣಿಸುತ್ತಿದ್ದರೋ
ಈಗ ತಿಳಿಯುತ್ತದೆ.

ಗೋಣಿಕೊಪ್ಪದ ಮೊಯ್ದುಕ್ಕ ಪುಸ್ತಕ ತೆರೆಯಲಿಲ್ಲ.
ಸೈಲೆನ್ಸರಿಗೆ ಬೆರಳಿಟ್ಟು, ಮಸಿ ತೆಗೆದು,
ಹೆಬ್ಬೆರಳಿಗೆ ಉಜ್ಜಿ, ಮೂಸಿದರು.
"ಕುಡಿಯುತ್ತೆ," ಅಂದರು,
ಜೀವಮಾನದಲ್ಲಿ ಚಹಾ ಬಿಟ್ಟು ಬೇರೇನೂ ಮುಟ್ಟದ ಮನುಷ್ಯ.
"ರಿಂಗ್ ಇರಬಹುದು. ವಾಲ್ವ್ ಸೀಲ್ ಇರಬಹುದು. ಟರ್ಬೋ ಇರಬಹುದು.
ಬಿಚ್ಚಿದರೆ ಗೊತ್ತಾಗುತ್ತೆ.
ಬಿಚ್ಚಿದ ಮೇಲೆ ಮೊದಲಿನ ಹಾಗಿರಲ್ಲ, ಅದೂ ಹೇಳಿಬಿಡ್ತೇನೆ."
ಎಷ್ಟಾಗಬಹುದು ಎಂದೆ.
ಅವರು ಗೋಡೆಯ ಕ್ಯಾಲೆಂಡರ್ ನೋಡಿದರು.

ಅಂದಿನಿಂದ ಒಂದು ನೋಟ್‌ಬುಕ್ಕು.
ದಿನಾಂಕ, ಕಿಲೋಮೀಟರ್, ಎಷ್ಟು ಹುಯ್ದೆ, ಕಾರಣ.
ಕಾಫಿ ಹೂ ಬಿಟ್ಟ ವಾರ ಊರಿಗೆ ಊರೇ ಘಮ್ಮೆನ್ನುವಾಗ
ನಾನು ಕಿಟಕಿ ಇಳಿಸಿ
ಸುಟ್ಟ ಎಣ್ಣೆಯ ವಾಸನೆ ಹುಡುಕಿದೆ.
ಪಕ್ಕದಲ್ಲಿ ಕುಟ್ಟಯ್ಯ ಏನೋ ಹೇಳುತ್ತಿದ್ದರೆ "ಶ್!"
ಮೂರನೇ ಗೇರಿನಲ್ಲಿ ಏನೋ ಕೇಳಿದಂತಾಯಿತು.
ಮಾರಿಬಿಡು ಅನ್ನುತ್ತಾನೆ.
ಯಾರಿಗೆ? ಏನೆಂದು?
ಡಿಕ್ಕಿಯಲ್ಲಿ ಒಂದು ಡಬ್ಬಿ ಇದೆ, ಇರಲಿ, ಎಂದೇ?

ಮತ್ತೆ, ಪಾಲಿಬೆಟ್ಟದ ಆ ಉದ್ದ ತಿರುವು ಇದೆಯಲ್ಲ,
ಮುಳ್ಳು ನಾಲ್ಕು ಸಾವಿರ ದಾಟುವಾಗ
ಸೀಟು ತಾನೇ ಬಂದು ಬೆನ್ನಿಗೆ ಅಂಟುವುದು,
ಐವತ್ತೆರಡರ ಈ ಹೊಟ್ಟೆಯೊಳಗೆ
ಯಾರೋ ಸೀಟಿ ಹೊಡೆಯುವುದು,
ನೋಟ್‌ಬುಕ್ಕಿನಲ್ಲಿ ಅದಕ್ಕೆ ಕಾಲಮ್ ಇಲ್ಲ.

ಮೊನ್ನೆ ರಾತ್ರಿ ತಿತಿಮತಿಯ ಹತ್ತಿರ, ತಿರುವಿನಾಚೆ, ಆನೆ.
ಒಂಟಿ.
ಲೈಟು ಆರಿಸು, ಎಂಜಿನ್ ಆರಿಸು, ಸುಮ್ಮನಿರು:
ನಡೆಯಲು ಕಲಿಸುವ ಮೊದಲೇ ಅಪ್ಪ ಕಲಿಸಿದ್ದು.
ಲೈಟು ಆರಿಸಿದೆ. ಬೆರಳು ಬಟನ್ನಿನ ಮೇಲೇ ನಿಂತಿತು.
ಈಗಷ್ಟೇ ಓಡಿಸಿದ್ದೇನೆ, ಟರ್ಬೋ ಕೆಂಡವಾಗಿದೆ,
ಒಂದು ನಿಮಿಷ ಉಸಿರಾಡಲು ಬಿಡದೆ ಆರಿಸಿದರೆ
ಒಳಗಿನ ಎಣ್ಣೆ ಸೀದು ಕರಕಲು,
ಮೊಯ್ದುಕ್ಕ ಹೇಳಿದ್ದಾರೆ.
ಇಪ್ಪತ್ತು ಮಾರು ದೂರದಲ್ಲಿ ಆನೆ.
ನಾನು ಸೆಕೆಂಡು ಎಣಿಸುತ್ತಿದ್ದೇನೆ, ಟರ್ಬೋಗಾಗಿ.

ಹನ್ನೊಂದಕ್ಕೆ ಅದು ಕಿವಿ ಅಗಲಿಸಿತು.
ಆರಿಸಿದೆ.

ಕತ್ತಲು. ಬಿಸಿ ಲೋಹ ಆರುತ್ತಾ
ಟಿಕ್, ಟಿಕ್, ಆಮೇಲೆ ತಡೆದು ಟಿಕ್.
ಅದೂ ಕೇಳಿಸಿಕೊಳ್ಳುತ್ತಿತ್ತು,
ಅವಸರವಿಲ್ಲದೆ, ತಲೆ ಓರೆ ಮಾಡಿ.
ಸೊಂಡಿಲು ಚಾಚಿ ನನ್ನ ಗಾಡಿಯ ಗಾಳಿ ಮೂಸಿತು.
ತೀರ್ಮಾನ ಹೇಳದೆ
ಬಿದಿರು ಮುರಿಯುತ್ತಾ ಇಳಿದು ಹೋಯಿತು.

ಸ್ಟಾರ್ಟ್ ಮಾಡಿದಾಗ ಕನ್ನಡಿಯಲ್ಲಿ ಒಂದು ಹಿಡಿ ಹೊಗೆ.
ಹಿಂದಿನ ಕೆಂಪು ದೀಪದಲ್ಲಿ
ನೀಲಿಯೋ ಬಿಳಿಯೋ ಗೊತ್ತಾಗಲಿಲ್ಲ.

ಮರುದಿನ ನೂರೈವತ್ತು ಎಂಎಲ್ ಹುಯ್ದೆ.
ಕಾರಣ ಎಂಬಲ್ಲಿ "ಆನೆ" ಎಂದು ಬರೆದು
ಪಕ್ಕದಲ್ಲೊಂದು ಪ್ರಶ್ನೆಚಿಹ್ನೆ ಹಾಕಿದೆ.